ಸಿಗಡಿಗೆ ಮಣ್ಣು ಕೊಟ್ಟೆ

ಅಕ್ವೇರಿಯಂನಲ್ಲಿ ಹೆಂಡತಿಯ ಮುದ್ದಿನ ಕೆಂಪು ಸಿಗಡಿ ಬಿಳಿಚಿಕೊಂಡು ಬಿದ್ದಿತ್ತು. ಮೀಸೆ, ಕಾಲು ಎಲ್ಲ ಇದ್ದವು, ಅಲುಗಾಟವಿರಲಿಲ್ಲ. ಹಿಂದಿನ ದಿನ ಬೋರ್‌ವೆಲ್ ನೀರು ಸುರಿದವನು ನಾನೇ. ಮಲ್ಲಿಗೆ ಗಿಡದ ಬುಡದಲ್ಲಿ ಅದಕ್ಕೆ ಮಣ್ಣು ಕೊಟ್ಟು, ಊದುಬತ್ತಿಯನ್ನೂ ಹಚ್ಚಿದೆ. ಮಾನ್ವಿ ಊರಿನ ತವರಿಗೆ ಹೋಗಿದ್ದ ಹೆಂಡತಿಗೆ ಫೋನ್ ಮಾಡಿ, “ಸಿಗಡಿ ಹೋತು. ಕೆಟ್ಟ ನೀರೆಲ್ಲ ಚೆಲ್ಲಾಕತ್ತೀನಿ” ಎಂದೆ.

“ಚೆಲ್ಲಬ್ಯಾಡ್ರಿ! ಮೊದ್ಲು ಕಲ್ಲಿನ ಸಂದ್ಯಾಗ ನೋಡ್ರಿ” ಎಂದು ಆಕೆ ಕೂಗಿದಳು. ನೋಡಿದರೆ, ಸಿಗಡಿ ಅಲ್ಲಿ ಮೀಸೆ ಆಡಿಸುತ್ತ ಕುಳಿತಿತ್ತು!

“ಬೆಳಿಯೋ ಸಿಗಡಿ ಚಿಪ್ಪು ಕಳಚ್ತದ್ರಿ. ಈಗ ಅದರ ಮೈ ಮೆತ್ತಗ ಇರ್ತದ. ನೀರು ಒಮ್ಮಿಗೇ ಬದಲಿಸಿದ್ರ ಖರೇನ ಸಾಯ್ತದ.”

ಬರೀ ಚಿಪ್ಪಿಗೆ ಅತ್ತು, ಜೀವ ತೆಗೆಯಲು ಹೊರಟಿದ್ದೆ.

ಸಿಗಡಿ ಈಗ ದಪ್ಪವಾಗಿದೆ. ಮಾನ್ವಿಗೆ ಹೋದಾಗಲೆಲ್ಲ ಮಾವನವರು ಅಂಗಿ ಬಿಚ್ಚುವಾಗ ನನ್ನನ್ನು ಕರೆದು ಹೇಳುತ್ತಾರೆ: “ಅಳಿಯಂದ್ರ, ಅಂಗಿ ಅಷ್ಟ ಕಳದೀನ್ರಿ. ನಾ ಇನ್ನೂ ಅದೀನಿ.”