ಜಮಖಾನ ಹಾಸಿದ ಶಾಲೆ

ಇಂಗ್ಲಿಷ್ ಕಲಿತದ್ದೇ ನನ್ನ ತಪ್ಪು. ಅಪ್ಪನಿಗೆ ವಾಡಿ ಸ್ಟೇಷನ್ನಿನಲ್ಲಿ ನೌಕರಿ. ರೈಲ್ವೆ ಕಾಲೊನಿಯಲ್ಲಿದ್ದ ಆಂಗ್ಲೋ ಇಂಡಿಯನ್ ಹೆಂಗಸೊಬ್ಬರ ವರಾಂಡದಲ್ಲಿ ಕೂತು ನಾನು ಆ ಭಾಷೆ ಕಲಿತೆ. ಮುಂದೆ ಶಿಕ್ಷಕರ ತರಬೇತಿ ಶಾಲೆಯೊಂದರಲ್ಲಿ ಹಂಗಾಮಿ ಉಪನ್ಯಾಸಕಿಯಾಗಿ ಸೇರಿದಾಗ, ನನ್ನನ್ನು ಪಾಠಕ್ಕಿಂತ ಹೆಚ್ಚಾಗಿ ಹೊರಗಿನಿಂದ ಬಂದವರ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಲಿಕ್ಕೇ ಬಳಸಿಕೊಂಡರು.

ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲ. ಹೊರದೇಶದ ಸಂಸ್ಥೆಯೊಂದು ನಮ್ಮ ಸರ್ಕಾರದ ಜೊತೆಗೂಡಿ ಹಳ್ಳಿ ಶಿಕ್ಷಕರ ತರಬೇತಿಯನ್ನು ಸುಧಾರಿಸಲು ಹೊರಟಿತ್ತು. ಅವರ ಕಡೆಯಿಂದ ಒಬ್ಬ ಮೇಡಂ ಬಂದಿದ್ದರು. ತರಬೇತಿಯಿಲ್ಲದ ಶಿಕ್ಷಕರ ಪಾಠ ನೋಡಿ, ಯಾರನ್ನು ವಿಶೇಷ ತರಬೇತಿಗೆ ಕಳಿಸಬಹುದೆಂದು ಅವರು ಹೇಳಬೇಕಿತ್ತು. ಆಯ್ಕೆಯಾಗದವರ ನೌಕರಿ ಉಳಿಯುವುದಿಲ್ಲ ಎಂಬ ಮಾತು ಆಗಲೇ ಎಲ್ಲ ಕಡೆ ಹಬ್ಬಿತ್ತು.

ಅವರು ನೋಡಬೇಕಿದ್ದ ಶಾಲೆಗಳಲ್ಲಿ ಒಂದು ಚಿಂಚೋಳಿ ತಾಲೂಕಿನದು, ಕೊಡ್ಲಿಯಿಂದಾಚೆಯ ಸಣ್ಣ ಊರಿನದು. ಒಂದೇ ಕೋಣೆ, ನಾಲ್ಕು ಇಯತ್ತೆ, ಒಬ್ಬರೇ ಅಕ್ಕೋರು. ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದೇ ಹಾಗೆ. ನಡುವಯಸ್ಸಿನ ಆಕೆ ಗಂಡ ತೀರಿಕೊಂಡ ಮೇಲೆ ಈ ನೌಕರಿಯ ಮೇಲೆ ಅತ್ತೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಸಾಕುತ್ತಿದ್ದರು. ಮೇಡಂ ಬರುವ ಎರಡು ದಿನ ಮೊದಲು ತಯಾರಿ ನೋಡಿ ಬಾ ಎಂದು ನನ್ನನ್ನು ಅಲ್ಲಿಗೆ ಅಟ್ಟಿದರು. ಸಂಸ್ಥೆಯವರು ಕೊಟ್ಟಿದ್ದ ಫ್ಲಾನೆಲ್ ಬೋರ್ಡು ನನ್ನ ಬಗಲಲ್ಲಿತ್ತು. ಹಲಗೆಗೆ ಉಣ್ಣೆಬಟ್ಟೆ ಬಿಗಿದು, ಅದರ ಮೇಲೆ ಚಿತ್ರಗಳನ್ನು ಒತ್ತಿ ನಿಲ್ಲಿಸುವ ಸಾಮಾನು ಅದು. ಅದನ್ನು ಬಳಸುವುದು ಹೇಗೆಂದು ಆಕೆಗೆ ಕಲಿಸಬೇಕೆಂಬ ಜಂಬದಲ್ಲೇ ನಾನು ಬಸ್ಸಿಳಿದೆ.

ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟೆ. ನೆಲಕ್ಕೆಲ್ಲ ಶಹಾಬಾದಿನ ಪರ್ಸಿ ಕಲ್ಲು. ಒಂದೊಂದು ಚೌಕ ಒಂದೊಂದು ಮಗುವಿನದು. ಬಾಗಿಲ ಕಡೆಯ ಸಾಲು ಒಂದನೇ ಇಯತ್ತೆ, ಗೋಡೆಯ ಕಡೆಯದು ನಾಲ್ಕನೆಯದು. ಪಾಟಿ, ಅಂದರೆ ಸ್ಲೇಟು, ಕೊಳ್ಳಲಾಗದ ಮನೆಗಳ ಮಕ್ಕಳೇ ಹೆಚ್ಚು. ಅವರೆಲ್ಲ ತಮ್ಮ ತಮ್ಮ ಕಲ್ಲಿನ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಅಕ್ಕೋರು ಬರಿಗಾಲಲ್ಲಿ, ಅಕ್ಷರ ತುಳಿಯದ ಹಾಗೆ ಸಂದಿನ ಮೇಲೇ ಹೆಜ್ಜೆಯಿಡುತ್ತ ಓಡಾಡುತ್ತಿದ್ದರು. ಒಂದು ಸುತ್ತು ಹಾಕಿದರೆ ನಾಲ್ಕೂ ಇಯತ್ತೆಯ ಲೆಕ್ಕ, ಕಾಗುಣಿತ ಎಲ್ಲ ಅವರ ಕಣ್ಣಿಗೆ ಬೀಳುತ್ತಿತ್ತು.

“ಅಳಸೂದು ಯಾವಾಗ್ರಿ?” ಎಂದು ಕೇಳಿದೆ.

“ಸೋಮವಾರಕ್ಕೊಮ್ಮಿ ಅಳಸ್ತೀವ್ರಿ. ಮಂಗಳವಾರ ಮಾಡಿದ್ ತಪ್ಪು ಶನಿವಾರದ ತನಕ ಅವರ ಕಣ್ಣ ಮುಂದs ಇರ್ತದ. ಯಾರಿಗಿ ಏನ್ ಬರ್ತದ, ಏನ್ ಬರಂಗಿಲ್ಲ, ನಾ ಕೇಳೂದs ಬ್ಯಾಡ,” ಎಂದರು. ಹೇಳುವಾಗ ಸ್ವಲ್ಪ ನಾಚಿಕೊಂಡರು. “ನನಗ ಟ್ರೇನಿಂಗ್ ಆಗಿಲ್ಲಲ್ರಿ ಅಕ್ಕೋರ, ಹಿಂಗ ಏನೋ ಮಾಡ್ಲಿಕತ್ತೀನಿ. ಆ ಮೇಡಮ್ನೋರಿಗಿ ಇದನ್ನ ತೋರಿಸ್ಬಹುದೇನ್ರಿ?”

“ಇದನ್ನs ತೋರಿಸ್ರಿ. ನಾ ಎಲ್ಲಾ ಬಿಡಿಸಿ ಹೇಳ್ತೀನಿ,” ಎಂದು ಮಾತು ಕೊಟ್ಟೆ. ಬಿ.ಎಡ್.ನಲ್ಲಿ ನನಗೆ ಯಾರೂ ಹೇಳಿಕೊಡದಿದ್ದದ್ದು ಅಲ್ಲಿ ನೆಲದ ಮೇಲೆ ಬಿದ್ದಿತ್ತು. ಆದರೂ ತಂದದ್ದನ್ನು ಮರಳಿ ಒಯ್ಯಲಾಗದೆ ಬೋರ್ಡನ್ನೂ ಅಲ್ಲೇ ಇಟ್ಟು ಬಂದೆ.

ಭೇಟಿಯ ದಿನ ಜೀಪು ಊರು ಮುಟ್ಟಿದಾಗ ಶಾಲೆಗೆ ಸುಣ್ಣ ಬಳಿದು, ತೋರಣ ಕಟ್ಟಿದ್ದರು. ಒಳಗೆ ಕಣ್ಣು ಹಾಯಿಸಿದೆ. ಈ ಗೋಡೆಯಿಂದ ಆ ಗೋಡೆಯವರೆಗೆ ಕೆಂಪು ಜಮಖಾನ. ಊರ ಗೌಡರು ತಮ್ಮ ಮನೆಯ ಮದುವೆಗೆ ಹಾಸುವ ಜಮಖಾನವನ್ನು ಕಳಿಸಿದ್ದರು. ದೂರದ ದೇಶದಿಂದ ಬಂದ ಅತಿಥಿ ಬರಿಯ ಕಲ್ಲಿನ ಮೇಲೆ ಕಾಲಿಡುವುದೇ? ನಮ್ಮವರಿಗೆ ಅಂಥ ಯೋಚನೆಯೇ ಬಾರದು. ಅದರ ಮೇಲೆ ಕುರ್ಚಿಗಳು, ಕುರ್ಚಿಗಳಲ್ಲಿ ಹಿರಿಯರು, ಹಿರಿಯರ ಹಿಂದೆ ಕೈಕಟ್ಟಿ ಕೂತ ಮಕ್ಕಳು. ಯಾರೂ ಕೆಟ್ಟದ್ದು ಬಯಸಿರಲಿಲ್ಲ. ಬಯಸಿದ್ದರೆ ಜಗಳವನ್ನಾದರೂ ತೆಗೆಯಬಹುದಿತ್ತು.

ಅಕ್ಕೋರು ನನ್ನ ಮುಖ ನೋಡಿದರು. ನಾನು ಆಮೇಲೆ ಎನ್ನುವಂತೆ ಕಣ್ಣಲ್ಲೇ ಹೇಳಿದೆ.

ಪಾಠ ಶುರುವಾಯಿತು. ನಮ್ಮ ಜೊತೆ ಬಂದಿದ್ದ ಇಲಾಖೆಯ ಸಾಹೇಬರು ಫ್ಲಾನೆಲ್ ಬೋರ್ಡಿನಲ್ಲೇ ಪಾಠ ಆಗಬೇಕೆಂದು ಅಪ್ಪಣೆ ಕೊಟ್ಟರು. ಅಕ್ಕೋರು ಆಕಳ ಚಿತ್ರ ಒತ್ತಿದರು, ಬಿತ್ತು. ಮತ್ತೆ ಒತ್ತಿದರು, ಆಕಳ ಜೊತೆ ಬಾವಿಯೂ ಬಿತ್ತು. ಮಕ್ಕಳು ಕಿಸಕ್ಕೆಂದರು. ನಾಲ್ಕು ಇಯತ್ತೆಯನ್ನು ಬೆರಳಲ್ಲಿ ಆಡಿಸುತ್ತಿದ್ದ ಹೆಂಗಸು ಬೆವರುತ್ತ ನಿಂತಿದ್ದನ್ನು ನನಗೆ ನೋಡಲಾಗಲಿಲ್ಲ.

ಮೇಡಂ ಒಳ್ಳೆಯವರು. ನಗಲಿಲ್ಲ. ಮೆಲ್ಲಗೆ ಒಂದೇ ಒಂದು ಪ್ರಶ್ನೆ ಕೇಳಿದರು. ನಾನು ಅದನ್ನು ಅಕ್ಕೋರಿಗೆ ಹೇಳಿದೆ: “ದಿನಾ ಯಾವ ಹುಡುಗರಿಗಿ ಎಷ್ಟು ತಿಳೀತು ಅಂತ ನಿಮಗ ಹ್ಯಾಂಗ ಗೊತ್ತಾಗ್ತದ ಅಂತ ಕೇಳ್ಲಿಕತ್ತಾರ್ರಿ.”

ಆಕೆಯ ಮುಖ ಅರಳಿತು. ಜಮಖಾನದ ಕಡೆ ಕೈ ತೋರಿಸಿ, “ಕೆಳಗ ಅದರಿ. ಸ್ವಲ್ಪ ಎತ್ತಿದ್ರ ಕಾಣ್ತದ,” ಎಂದರು.

ಗೌಡರು ಗಾಬರಿಯಿಂದ ಅತ್ತಿತ್ತ ನೋಡಿದರು. ಸಾಹೇಬರು ನನ್ನ ಕಡೆ ಬಾಗಿ, “ಜಮಖಾನ ಎತ್ತಸ್ತೀಯೇನು ಎಲ್ಲರನ್ನೂ ಎಬ್ಬಿಸಿ? ಪರೀಕ್ಷಾ ಮಾಡ್ತಾರ ಅಂತ ಹೇಳಿ ಮುಗಸು ತಂಗಿ. ನಿನ್ನ ಆರ್ಡರ್ ಇನ್ನಾ ಹಂಗಾಮಿ ಅದ, ಮರೀಬ್ಯಾಡ,” ಎಂದರು.

ನಾನು ಮರೆಯಲಿಲ್ಲ. ಪರೀಕ್ಷೆ ಮಾಡುತ್ತಾರಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ಅದನ್ನು ಬರೆದುಕೊಂಡರು. ಅಕ್ಕೋರು ಮಾತ್ರ ತಮ್ಮ ಮಾತೇ ಅವರಿಗೆ ಮುಟ್ಟಿತೆಂದು ತಿಳಿದು ಕೈ ಮುಗಿದರು. ಇವತ್ತಿಗೂ ಆ ಮುಗಿದ ಕೈ ನೆನಪಾದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಜೀಪು ಹತ್ತುವ ಮುಂಚೆ ಆಕೆ ನನ್ನ ಸೆರಗು ಹಿಡಿದು ಕೇಳಿದರು, “ಏನಂದ್ರರಿ ಅವ್ರು?”

“ಭಾಳ ಚಲೋ ಅದ ಅಂದ್ರು,” ಎಂದೆ. ಆ ಹೊತ್ತಿಗೆ ಇನ್ನೇನು ಹೇಳಬೇಕಿತ್ತೋ ನನಗೆ ಈಗಲೂ ತಿಳಿಯದು.

ಸೇಡಂ, ಚಿತ್ತಾಪುರ ದಾಟಿ ಮೇಡಂ ಅವರನ್ನು ವಾಡಿಗೆ ರೈಲಿಗೆ ಬಿಡಬೇಕಿತ್ತು. ದಾರಿಯುದ್ದಕ್ಕೂ ಸಾಹೇಬರು ಪಕ್ಕದಲ್ಲೇ. ಪ್ಲಾಟ್‌ಫಾರ್ಮಿನಲ್ಲಿ ಅವರು ಚಹಾ ತರಲು ಹೋದಾಗ ನಾನು ಗಡಿಬಿಡಿಯಲ್ಲಿ ಹೇಳತೊಡಗಿದೆ: ಆ ಶಾಲೆಯ ಮಕ್ಕಳಲ್ಲಿ ಬಹಳ ಜನಕ್ಕೆ ಸ್ಲೇಟಿಲ್ಲ, ಅವರು ನೆಲದ ಮೇಲೆ ಬರೆಯುತ್ತಾರೆ. ಅಷ್ಟರಲ್ಲಿ ರೈಲು ಬಂತು. ಮೇಡಂ ಕಣ್ಣಲ್ಲಿ ಮರುಕ ತುಂಬಿಕೊಂಡು ನನ್ನ ಕೈ ಒತ್ತಿ, ಖಂಡಿತ ಏನಾದರೂ ಮಾಡುತ್ತೇನೆ ಎಂದರು.

ಮಾಡಿದರು. ಆ ಶಾಲೆಗೆ ಪೆಟ್ಟಿಗೆ ತುಂಬ ಹೊಸ ಸ್ಲೇಟುಗಳು ಬಂದವು. ತರಬೇತಿಯ ಪಟ್ಟಿಯಲ್ಲಿ ಅಕ್ಕೋರ ಹೆಸರಿರಲಿಲ್ಲ. ಮಕ್ಕಳ ಕಲಿಕೆಯನ್ನು ದಿನದಿನ ಗಮನಿಸುವ ಪದ್ಧತಿ ಇವರಲ್ಲಿಲ್ಲ ಎಂದು ಮೇಡಂ ಬರೆದಿದ್ದ ಕಾಗದವನ್ನು ಟೈಪು ಮಾಡಿಸಿ ಕಳಿಸುವ ಕೆಲಸವೂ ನನಗೇ ಬಂತು. ಸಾಹೇಬರ ಮೇಜಿನ ಮುಂದೆ ನಿಂತು, “ಇದು ತಪ್ಪಾಗ್ಯಾದ್ರಿ ಸರ್,” ಎಂದೆ. “ದೊಡ್ಡವರು ನೋಡಿ ಬರದಾರ. ನಾವ್ಯಾರು ತಿದ್ದಲಿಕ್ಕ?” ಎಂದು ಅವರು ಸಹಿ ಹಾಕಿದರು.

ತರಬೇತಿ ಮುಗಿಸಿದ ಹುಡುಗಿಯೊಬ್ಬಳನ್ನು ಆ ಶಾಲೆಗೆ ಹಾಕಿದರು. ಅವಳಿಗೆ ಊರು ತೋರಿಸಲು ನಾನೇ ಹೋಗಬೇಕಾಯಿತು. ಅಕ್ಕೋರು ಹಾಜರಿ ಪುಸ್ತಕ, ಬೀಗದ ಕೈ ಎಲ್ಲ ಒಪ್ಪಿಸಿ, ಯಾವ ಮಗುವಿಗೆ ಭಾಗಾಕಾರ ಬಾರದು, ಯಾರಿಗೆ ದೂರದ್ದು ಕಾಣುವುದಿಲ್ಲ ಎಂದು ಒಬ್ಬೊಬ್ಬರ ಹೆಸರು ಹಿಡಿದು ಆ ಹುಡುಗಿಗೆ ಹೇಳಿದರು. ಆಮೇಲೆ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದರು.

ಬಸ್ಸು ಬಂದು ನಿಂತಾಗ ಕೇಳಿದರು, “ಭಾಳ ಚಲೋ ಅದ ಅಂದಿದ್ರಲ್ರಿ ಆ ಮೇಡಮ್ನೋರು. ಮತ್ತ ನಂದು ಏನ್ ತಪ್ಪಾಯ್ತರಿ ಅಕ್ಕೋರ? ಹೇಳ್ರಿ, ಬ್ಯಾರೆ ಎಲ್ಲ್ಯಾರ ಕಲಸೂದು ಸಿಕ್ರ ತಿದ್ದಿಕೊಳ್ತೀನಿ.”

ಕಂಡಕ್ಟರ್ ಸೀಟಿ ಊದಿದ. ನಾನು ಹತ್ತಿ, ಅಕ್ಕೋರು ನಿಂತಿದ್ದ ಬದಿ ಬಿಟ್ಟು ಆಚೆ ಬದಿಯ ಸೀಟಿನಲ್ಲಿ ಕೂತೆ.