ಅಳು ಮೇಡಂ ಅವರ ಗುನುಗು

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಅಳು ಮೇಡಂ ಎಂದು. ಹಾಗಂತ ಅವಳೇನೂ ಅಳುಬುರುಕಿಯಲ್ಲ. ಅಳಿಸುವುದು ಅವಳ ಕೆಲಸ. ಧಾರಾವಾಹಿಯಲ್ಲಿ ಸೊಸೆ ಬಾಗಿಲ ಹಿಂದೆ ನಿಂತು ಬಿಕ್ಕಿದರೆ, ಅಪ್ಪ ಆಸ್ಪತ್ರೆಯ ಮಂಚದಿಂದ ಕೈ ಚಾಚಿದರೆ, ಅದರ ಹಿಂದೆ ಕೇಳುವ ಸಂಗೀತ ಅವಳದು. ಸಿಟ್ಟು, ಸಂಶಯ, ಪಿತೂರಿಗಳನ್ನು ಬೇರೆ ಇಬ್ಬರು ಸಹಾಯಕರು ನೋಡಿಕೊಳ್ಳುತ್ತಿದ್ದರು. ಪರದೆಯ ಮೇಲೆ ಬರುತ್ತಿದ್ದುದು ಮಾತ್ರ ಒಂದೇ ಹೆಸರು, ಸಂಗೀತ ನಿರ್ದೇಶಕರದು. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು.

ಅವಳ ಅತ್ತೆ ಅಕ್ಕಪಕ್ಕದವರ ಮುಂದೆ ಸೊಸೆಯನ್ನು ಹೊಗಳುವುದರಲ್ಲಿ ಹಿಂದೆ ಬಿದ್ದವರಲ್ಲ. "ಟಿವಿಲಿ ಬರೋ ಮ್ಯೂಸಿಕ್ಕೆಲ್ಲ ನಮ್ಮ ಸೊಸೆದೇ" ಎಂದರೆ, ಎದುರು ಮನೆಯಾಕೆ, "ಹೆಸರೇ ಕಾಣಲ್ವಲ್ರೀ?" ಎಂದು ಚುಚ್ಚುತ್ತಿದ್ದಳು. "ಅದು ಬೇಗ ಓಡಿಹೋಗುತ್ತೆ ಕಣ್ರೀ, ನಮ್ಮಂಥೋರ ಕಣ್ಣಿಗೆ ಸಿಗಲ್ಲ" ಎಂದು ಅತ್ತೆ ಬಾಯಿ ಮುಚ್ಚಿಸುತ್ತಿದ್ದರು. ಒಳಗಿನಿಂದ ಇದನ್ನು ಕೇಳಿಸಿಕೊಂಡ ಸೊಸೆಗೆ ನೆಲ ಬಾಯಿಬಿಡಬಾರದೇ ಎನ್ನಿಸುತ್ತಿತ್ತು.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಕೀಬೋರ್ಡನ್ನು ಹೆಗಲಿಗೇರಿಸಿಕೊಂಡು ಆರು ಕಚೇರಿಗಳ ಮೆಟ್ಟಿಲು ಸವೆಸಿದ್ದವಳು ಅವಳು. "ಹಾಡೋದಾದ್ರೆ ಹೇಳಮ್ಮ, ಕಂಪೋಸಿಂಗ್ ಎಲ್ಲ ಯಾಕೆ?" ಎಂದವರೇ ಹೆಚ್ಚು. ಪೂರ್ತಿ ಕೇಳಿದವರು ಮೇಷ್ಟ್ರೊಬ್ಬರೇ. ಅವಳದೊಂದು ರೀತಿಯಿತ್ತು. ಕಣ್ಣೀರು ಉಕ್ಕುವ ಹೊತ್ತಿಗೆ ಎಲ್ಲರೂ ಇಪ್ಪತ್ತು ಪಿಟೀಲುಗಳನ್ನು ಒಟ್ಟಿಗೆ ಕೊಯ್ದರೆ, ಇವಳು ಎಲ್ಲವನ್ನೂ ನಿಲ್ಲಿಸಿಬಿಡುತ್ತಿದ್ದಳು. ಎರಡು ಕ್ಷಣ ಏನೂ ಇಲ್ಲ. ಆಮೇಲೆ ತುಟಿ ಮುಚ್ಚಿಕೊಂಡೇ ತಾನೇ ಸಣ್ಣಗೆ ಗುನುಗುತ್ತಿದ್ದಳು, ಅಷ್ಟೇ. "ಇಷ್ಟು ಸುಮ್ಮನಿರೋದನ್ನ ಯಾರು ಕಲಿಸಿದ್ರಮ್ಮ ನಿಂಗೆ?" ಎಂದು ಕೇಳಿದ ಮೇಷ್ಟ್ರು ಅವತ್ತೇ ಕೆಲಸಕ್ಕೆ ಸೇರಿಸಿಕೊಂಡರು. ಈ ಕೋಣೆಯಲ್ಲಿ ಹುಟ್ಟಿದ್ದೆಲ್ಲ ಈ ಕೋಣೆಯದೇ, ಹೊರಗೆ ತನ್ನದೆಂದು ಹೇಳಿಕೊಳ್ಳುವಂತಿಲ್ಲ ಎಂಬ ಕಾಗದಕ್ಕೆ ಅವಳು ಓದದೆ ಸಹಿ ಹಾಕಿದಳು. ಓದಿದ್ದರೂ ಹಾಕುತ್ತಿದ್ದಳು, ಬಿಡಿ.

ಮೇಷ್ಟ್ರು ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು. ಅವಳ ಅಪ್ಪ ಕೊನೆಯುಸಿರು ಎಳೆಯುತ್ತಿದ್ದಾಗ ರೆಕಾರ್ಡಿಂಗ್ ನಿಲ್ಲಿಸಿ ಎರಡು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ಅವರು. ಬೈಯೋಣವೆಂದರೆ ಬಾಯಿ ಬಾರದು, ಹೊಗಳೋಣವೆಂದರೆ ಮನಸ್ಸು ಬಾರದು. ಅಂಥವರ ಕೈಕೆಳಗೆ ಅವಳಿಗೆ ಹದಿನೇಳು ವರ್ಷ ಕಳೆಯಿತು. ಮೇಷ್ಟ್ರಿಗೆ ಐದು ಪ್ರಶಸ್ತಿ ಬಂದವು. ಐದರಲ್ಲೂ ತೀರ್ಪುಗಾರರು ಮೆಚ್ಚಿದ್ದು 'ಮೌನದ ಬಳಕೆ'ಯನ್ನು.

ಹೀಗಿರುವಾಗ ಒಬ್ಬ ಹೊಸ ನಿರ್ದೇಶಕ ತನ್ನ ಮೊದಲ ಸಿನಿಮಾಕ್ಕೆ ಅವಳನ್ನೇ ಹುಡುಕಿಕೊಂಡು ಬಂದ. ಅವಳು ತನ್ನ ಗೆಳತಿಯ ನಾಟಕಕ್ಕೆ ನುಡಿಸಿದ್ದನ್ನು ಕೇಳಿದ್ದನಂತೆ. "ಒಂದು ಸೀನ್ ಮಾಡಿ ತೋರಿಸಿ. ಹಿಡಿಸಿದ್ರೆ ಪೂರ್ತಿ ಸಿನಿಮಾ ನಿಮ್ಮದೇ, ಟೈಟಲ್‌ನಲ್ಲಿ ನಿಮ್ಮೊಬ್ಬರದೇ ಹೆಸರು" ಎಂದ. ಅವಳು ಮೇಷ್ಟ್ರಿಗೆ ಹೇಳಲಿಲ್ಲ. ಗಂಡನಿಗೆ ಹೇಳಿದಳು, ಅವನು ಅಮ್ಮನಿಗೆ ಹೇಳಿದ. ಅಲ್ಲಿಗೆ ಬೀದಿಗೆಲ್ಲ ಡಂಗುರ ಸಾರಿದಂತಾಯಿತು.

ಸಂಕಲನಕಾರನ ಕತ್ತಲೆ ಕೋಣೆಯಲ್ಲಿ ಅವಳಿಗೆ ಸೀನು ತೋರಿಸಿದರು. ಹೊಸ ಸಂಗೀತ ಬರುವ ತನಕ ಸೀನು ಬೋಳಾಗಿರಬಾರದೆಂದು ಹಳೆಯದೊಂದನ್ನು ತಾತ್ಕಾಲಿಕವಾಗಿ ಅಂಟಿಸಿಡುವುದು ಆ ಕಸುಬಿನ ವಾಡಿಕೆ. ಪದೇಪದೇ ಕೇಳಿ ನಿರ್ದೇಶಕರು ಆ ಅಂಟಿಸಿದ್ದಕ್ಕೇ ಮನಸೋಲುವುದೂ ವಾಡಿಕೆಯೇ. ಪರದೆಯ ಮೇಲೆ ಮಗಳು ಗೇಟು ದಾಟಿದಳು, ತಾಯಿ ಕಿಟಕಿಯಲ್ಲಿ ನಿಂತಳು. ಪಿಟೀಲು ನಿಂತಿತು. ಎರಡು ಕ್ಷಣ ಏನೂ ಇಲ್ಲ. ಆಮೇಲೆ ಅವಳದೇ ಗುನುಗು ಅವಳ ಕಿವಿಗೆ ಬಿತ್ತು.

"ಇದು ಮೇಷ್ಟ್ರದು" ಎಂದ ನಿರ್ದೇಶಕ, ಕಣ್ಣೊರೆಸಿಕೊಳ್ಳುತ್ತ. "ನಂಗೆ ಇದೇ ಥರ ಬೇಕು. ಆದ್ರೆ ಇದೇ ಆಗ್ಬಾರ್ದು, ನಾಳೆ ಜನ ಕದ್ದಿದ್ದು ಅಂತಾರೆ."

ಅವಳು ತಲೆಯಾಡಿಸಿದಳು. ಬೇರೇನು ಮಾಡಿಯಾಳು?

ಅವಳ ಮನೆಯ ಸ್ಟುಡಿಯೋ ಎಂದರೆ ಬಟ್ಟೆಯ ಬೀರು. ಗಂಡನ ಪ್ಯಾಂಟುಗಳ ನಡುವೆ ಮೈಕು ತೂಗುಹಾಕಿ, ಎರಡು ಕಂಬಳಿ ಹೊದ್ದು, ಗೋಡೆಯಾಚೆಯ ಲಿಫ್ಟು ನಿಂತಾಗಷ್ಟೇ ಉಸಿರು ಬಿಟ್ಟು ಹಾಡಬೇಕು. ಮೂರು ವಾರ ಅವಳು ಅಲ್ಲಿ ತನ್ನಂತೆ ಇರದಿರಲು ಹೆಣಗಿದಳು. ಮೌನ ಬಿಟ್ಟಳು, ಗುನುಗು ಬಿಟ್ಟಳು, ಕೊಳಲು ಹಾಕಿದಳು, ಗಿಟಾರು ಹಾಕಿದಳು. ಮೊದಲನೆಯದನ್ನು ಕೇಳಿದ ನಿರ್ದೇಶಕ, "ಚೆನ್ನಾಗಿದೆ. ಆದ್ರೆ ಹೊಟ್ಟೇಲಿ ಏನೂ ಆಗ್ಲಿಲ್ಲ" ಎಂದ. ಎರಡನೆಯದಕ್ಕೆ ಅಷ್ಟೂ ಹೇಳಲಿಲ್ಲ. ಅವಳಿಗೆ ರೋಸಿಹೋಯಿತು. ಮೂರನೆಯದನ್ನು ಮನಸ್ಸಿಗೆ ಬಂದಂತೆ, ಅಂದರೆ ತನ್ನಂತೆಯೇ ಮಾಡಿ ಕೊಟ್ಟಳು.

ಕೇಳಿ ಮುಗಿದಾಗ ನಿರ್ದೇಶಕ ಸಂಕಲನಕಾರನತ್ತ ನೋಡಿದ. ಸಂಕಲನಕಾರ ಕುರ್ಚಿ ತಿರುಗಿಸಿ, "ಮೇಷ್ಟ್ರನ್ನ ಪಡಿಯಚ್ಚು ಇಳಿಸಿದೀರಲ್ಲ ಮೇಡಂ! ಆ ಗುನುಗೋ ಹೆಂಗಸಿನ ದನೀನೂ ಬಿಟ್ಟಿಲ್ಲ" ಎಂದು ನಕ್ಕ.

"ಅದು..." ಎಂದಳು ಅವಳು. ಇಬ್ಬರೂ ಅವಳತ್ತ ನೋಡಿದರು.

ಅದು ನನ್ನದು ಎನ್ನುವುದು ಎಷ್ಟು ಹೊತ್ತಿನ ಮಾತು! ಆದರೆ ಆ ಕಸುಬಿನಲ್ಲಿ ಅದನ್ನು ಹೇಳದ ಸಹಾಯಕನೇ ಇಲ್ಲ. ಸ್ಟುಡಿಯೋದ ಕಾರಿಡಾರಿನಲ್ಲಿ ಕೆಲಸ ಕಳೆದುಕೊಂಡ ಪ್ರತಿಯೊಬ್ಬನೂ ಆ ಹಾಡು ನಂದು, ಈ ಟ್ಯೂನು ನಂದು ಎನ್ನುತ್ತಾನೆ. ಅವನು ಆ ಕಡೆ ಹೋದದ್ದೇ ತಡ, ಉಳಿದವರು ಮುಸಿಮುಸಿ ನಗುತ್ತಾರೆ. ಅವಳೂ ನಕ್ಕಿದ್ದಳು, ಒಂದಲ್ಲ ಹತ್ತು ಸಲ. ಮೇಲೆ ಆ ಕಾಗದ, ಆಸ್ಪತ್ರೆಯ ಆ ಬೆಂಚು.

"ಅದು ನೀವು ಕೇಳಿದ ಥರಾನೇ ಮಾಡಿದ್ದು" ಎಂದಳು.

ನಿರ್ದೇಶಕ ನಯವಾಗಿಯೇ ಹೇಳಿದ: "ಬೇಜಾರ್ ಮಾಡ್ಕೋಬೇಡಿ ಮೇಡಂ. ನಕಲು ಹಾಕೋ ಬದ್ಲು ಅಸಲಿನ ಹತ್ರಾನೇ ಹೋಗೋಣ ಅನ್ನಿಸ್ತಿದೆ."

ಮನೆಗೆ ಬಂದವಳು ಸಿನಿಮಾ ನಿಂತುಹೋಯಿತೆಂದು ಸುಳ್ಳು ಹೇಳಿದಳು. ಎದುರು ಮನೆಯಾಕೆಗೆ ಏನು ಹೇಳುವುದೆಂದು ತೋಚದೆ ಅತ್ತೆ ನಾಲ್ಕು ದಿನ ಬಾಗಿಲಿಗೇ ಬರಲಿಲ್ಲ.

ಹತ್ತು ದಿನದ ಮೇಲೆ ಮೇಷ್ಟ್ರು ಅವಳನ್ನು ಕೋಣೆಗೆ ಕರೆದರು. "ಒಂದು ಚಿಕ್ಕ ಸಿನಿಮಾ ಬಂದಿದೆ. ಯಾರೋ ನನ್ನ ನಕಲು ಹೊಡೆಯೋಕೆ ಹೋಗಿ ಸೋತ್ರಂತೆ, ಪಾಪ. ತಾಯಿ ಮಗಳ ಸೀನು. ಅದು ನಿಂಗೇ ಸರಿ."

ಪರದೆಯ ಮೇಲೆ ಮಗಳು ಗೇಟು ದಾಟಿದಳು. ಇದನ್ನು ಕೆಡಿಸಿಬಿಡಬೇಕು ಎಂದುಕೊಂಡಳು ಅವಳು. ಮೇಷ್ಟ್ರು ಒಮ್ಮೆ ಮುಖಭಂಗ ಅನುಭವಿಸಲಿ. ಅಪಸ್ವರ ಬೆರೆಸಲು ಹೋದಳು, ಕೈ ಕೇಳಲಿಲ್ಲ. ಪಿಟೀಲುಗಳನ್ನು ರಾಶಿ ಸುರಿದಳು, ಕಿವಿ ಒಪ್ಪದೆ ಒಂದೊಂದಾಗಿ ತೆಗೆದಳು. ಕಿಟಕಿಯಲ್ಲಿ ನಿಂತ ಆ ತಾಯಿಯನ್ನು ನೋಡುತ್ತ ನೋಡುತ್ತ ತುಟಿ ತಾನಾಗಿ ಮುಚ್ಚಿಕೊಂಡಿತು. ಅವಳು ಹದಿನೇಳು ವರ್ಷದಲ್ಲಿ ಅಷ್ಟು ಚೆನ್ನಾಗಿ ಗುನುಗಿರಲಿಲ್ಲ. ತನ್ನ ಮೇಲೆ ಅವಳಿಗೆ ಅಷ್ಟು ಸಿಟ್ಟು ಬಂದದ್ದೂ ಅದೇ ಮೊದಲು.

ಮರುದಿನ ಮೇಷ್ಟ್ರು ಖುಷಿಯಿಂದ ಫೋನನ್ನು ಅವಳ ಕಡೆ ತಿರುಗಿಸಿದರು. ನಿರ್ದೇಶಕ ಬರೆದಿದ್ದ: 'ಸರ್, ಕೇಳಿದ ತಕ್ಷಣ ಗೊತ್ತಾಯ್ತು. ಅಸಲು ಅಸಲೇ.'

"ನೋಡಿದ್ಯಾ? ಮುಂದಿನ ಸೀನು ಶುಕ್ರವಾರಕ್ಕೆ ಬೇಕಂತೆ" ಎಂದರು.

"ಆಯ್ತು ಸರ್" ಎಂದಳು ಅವಳು.