ಮೊಲದ ಕಾಲಡಿಯ ಹುಲ್ಲು

ನಮ್ಮ ಮನೆಯ ಮೊಲದ ಟ್ರೇಗೆ ಹಾಕುವ ಪೆಲೆಟ್ಟು ಈ ಸಲ ಬರಲಿಲ್ಲ. ಪೆಲೆಟ್ಟು ಅಂದರೆ ಏನೆಂದು ನಿಮಗೆ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ, ಹೋದ ವರ್ಷದವರೆಗೆ ನನಗೂ ಗೊತ್ತಿರಲಿಲ್ಲ. ಮರದ ಪುಡಿಯನ್ನು ಗಟ್ಟಿಯಾಗಿ ಒತ್ತಿ, ಸಣ್ಣ ಸಣ್ಣ ತುಂಡು ಮಾಡಿ ಚೀಲಕ್ಕೆ ತುಂಬಿರುತ್ತಾರೆ. ಮೊಲ ಅದರ ಮೇಲೆ ಉಚ್ಚೆ ಹೊಯ್ದರೆ ತುಂಡು ಹಿಗ್ಗಿ ಮತ್ತೆ ಪುಡಿಯಾಗಿ ವಾಸನೆಯನ್ನೆಲ್ಲ ನುಂಗಿಕೊಳ್ಳುತ್ತದೆ. ಮೈಸೂರಿನಿಂದ ಮದುವೆಯಾಗಿ ಬಂದ ನನ್ನ ಸೊಸೆ ಸೀರೆಗಳ ಜೊತೆಗೆ ಕುಕೀ ಎಂಬ ಕಂದು ಬಣ್ಣದ ಮೊಲವನ್ನೂ ತಂದಳು. ಅದರ ಹಿಂದೆಯೇ ಈ ಚೀಲಗಳೂ ಕೊರಿಯರ್‌ನಲ್ಲಿ ಹುಣಸೂರಿಗೆ ಬರತೊಡಗಿದವು. ತವರಿನಿಂದ ಹಸು ಹೊಡೆದುಕೊಂಡು ಬಂದ ಸೊಸೆಯರನ್ನು ಕೇಳಿ ಬಲ್ಲೆ, ಮೊಲ ಎತ್ತಿಕೊಂಡು ಬಂದವಳನ್ನು ನಮ್ಮ ಮನೆಯಲ್ಲೇ ನೋಡಿದ್ದು.

ಮಗ ಬಂದು, "ಅಮ್ಮ, ಅದರ ಬದ್ಲು ಏನ್ ಹಾಕ್ಬೋದು ಅಂತ ಅವಳು ಕೇಳ್ತಾವಳೆ" ಅಂದ. ಕೇಳುತ್ತಿದ್ದವಳು ಅಡುಗೆಮನೆಯಲ್ಲೇ ನಿಂತಿದ್ದಳು. ನೋಡೋಣ ಅಂತ ಹೇಳಪ್ಪ ಎಂದು ನಾನೂ ಅವನ ಕೈಲೇ ಹೇಳಿ ಕಳಿಸಿದೆ. ನಮ್ಮಿಬ್ಬರ ಮಾತುಕತೆ ನಡೆಯುವುದು ಹೀಗೆ. ಜಗಳವಿಲ್ಲ, ಮುನಿಸಿಲ್ಲ. ಈ ಕಾಲದ ಹುಡುಗಿ, ಏನು ಹೇಳಿದರೆ ಏನಾಗುತ್ತದೋ ಎಂದು ನನಗೆ ಭಯ. ಅತ್ತೆ, ಏನು ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು ಅವಳಿಗೆ ಭಯ. ಮಗ ಮನೆಯಲ್ಲಿ ಇಲ್ಲದಾಗ ಇಬ್ಬರೂ ಕುಕೀಗೆ ಹೇಳುತ್ತೇವೆ. ನಿಮ್ಮಮ್ಮನ ಕಾಫಿ ಆರಿಹೋಗುತ್ತಿದೆ ನೋಡು ಎಂದು ನಾನು ಮೊಲಕ್ಕೆ ಹೇಳುತ್ತೇನೆ, ಸೊಸೆ ಬಂದು ಲೋಟ ತೆಗೆದುಕೊಂಡು ಹೋಗುತ್ತಾಳೆ.

ಖಾಲಿ ಚೀಲವನ್ನು ಮಡಿಸಿಡೋಣವೆಂದು ಕೊಡವಿದೆ. ತಳದಲ್ಲಿದ್ದ ಪುಡಿ ಮುಖಕ್ಕೆ ರಾಚಿ, ಹಸಿ ಮರ ಕೊಯ್ಯುವ ಮಿಲ್ಲಿನ ವಾಸನೆ ಮೂಗಿಗೆ ಬಡಿಯಿತು. ಸೀನುತ್ತ ಸೀನುತ್ತ ನಾನು ಪಿರಿಯಾಪಟ್ಟಣದ ಕಡೆಯ ನಮ್ಮ ಹಳೇ ಮನೆಯ ನಡುಮನೆಗೆ ಹೋಗಿ ಕೂತುಬಿಟ್ಟೆ. ಅಲ್ಲೂ ಮೊಲಗಳಿದ್ದವು.

ನಾನು ಕೆ.ಆರ್. ನಗರದ ಕಡೆಯವಳು, ನಾಲೆ ನೀರಿನ ಸೀಮೆಯವಳು. ಕೊಟ್ಟಿದ್ದು ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮನೆಗೆ. ನಮ್ಮ ಯಜಮಾನರು ಆಗ ಬೀಚನಹಳ್ಳಿ ಡ್ಯಾಮಿನಲ್ಲಿ ನೀರಾವರಿ ಇಲಾಖೆಯ ಕೆಲಸದಲ್ಲಿದ್ದರು. ಕ್ವಾರ್ಟರ್ಸ್ ಸಿಕ್ಕ ಮೇಲೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದರು. ಆ ಕ್ವಾರ್ಟರ್ಸು ಇವತ್ತು ನಾಳೆ ಎನ್ನುತ್ತ ಕೈಗೆ ಬರಲೇ ಇಲ್ಲ. ವಾರವೆಲ್ಲ ನಾನು ಹಳ್ಳಿಯಲ್ಲಿ, ಅವರು ಡ್ಯಾಮಿನಲ್ಲಿ. ಒಂದು ಶನಿವಾರ ಎಚ್.ಡಿ. ಕೋಟೆ, ಹುಣಸೂರು ಎಂದು ಬಸ್ಸು ಬದಲಾಯಿಸಿಕೊಂಡು ಬಂದವರು ಕೈಯಲ್ಲಿದ್ದ ಬುಟ್ಟಿಯನ್ನು ನನ್ನ ಮುಂದಿಟ್ಟರು. ಒಳಗೆ ಎರಡು ಮೊಲದ ಮರಿ, ಒಂದು ಬಿಳಿ, ಒಂದು ಬೂದು. ಜೊತೆಯಲ್ಲಿ ಕೆಲಸ ಮಾಡುವವರ ಮನೆಯಲ್ಲಿ ಹುಟ್ಟಿದ್ದವಂತೆ. ನಿನಗೆ ಹೊತ್ತು ಹೋಗುತ್ತದೆ ಎಂದರು. ನನಗೆ ಅಳು ಬಂದಿತು, ಮೊಲ ನೋಡಿ ಯಾರಾದರೂ ಅಳುತ್ತಾರೆಯೇ ಎಂದು ಅವರು ಗಾಬರಿಯಾದರು.

ಅತ್ತೆ ಬುಟ್ಟಿಯ ಸುತ್ತ ಒಂದು ಸುತ್ತು ಬಂದು ತೀರ್ಪು ಕೊಟ್ಟರು.

"ಇರ್ಲಿ ಬುಡು. ಆದ್ರೆ ಮನೇಲಿ ನಾತ ಬಂತೋ, ಅವತ್ತೇ ಕೊಟ್ಟಿಗೇಗೆ."

ಕೊಟ್ಟಿಗೆಗೆ ಹೋದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಅಲ್ಲಿಗೆ ದಿನವೂ ಸಂಜೆ ಒಂದು ಗಂಡು ಬೆಕ್ಕು ಬರುತ್ತಿತ್ತು. ಕೋಳಿಮರಿಗಳ ಗತಿಯನ್ನು ನಾನೇ ನೋಡಿದ್ದೆ.

ಮೊಲ ಶುಚಿಯಾದ ಪ್ರಾಣಿ. ಒಂದು ಮೂಲೆ ಹಿಡಿದರೆ ಅಲ್ಲೇ ಅದರ ಕೆಲಸ. ಆ ಮೂಲೆಗೆ ಮಣ್ಣು ಹೊರುವ ಹಳೇ ಬಾಂಡ್ಲಿಯೊಂದನ್ನು ಇಟ್ಟೆ. ಬಾಂಡ್ಲಿಗೆ ಏನು ಹಾಕುವುದು ಎನ್ನುವುದೇ ಅಲ್ಲಿಂದ ಮುಂದೆ ನನ್ನ ಸಂಸಾರದ ದೊಡ್ಡ ಚಿಂತೆಯಾಯಿತು. ಮೊದಲು ಹಳೇ ಪೇಪರು ಹಾಸಿದೆ, ಎರಡೂ ಸೇರಿ ಹರಿದು ತಿಂದವು. ಹಳ್ಳದ ಮರಳು ತಂದೆ, ಅದು ಕಾಲಿಗೆ ಅಂಟಿ ನಮ್ಮ ತಟ್ಟೆಯ ಮುದ್ದೆಯವರೆಗೂ ಬಂತು. ಒಲೆಯ ಬೂದಿ ಹಾಕಿದ ದಿನ ಬಿಳಿಯದೂ ಬೂದು ಬಣ್ಣಕ್ಕೆ ತಿರುಗಿ, ಕಾವಿ ನೆಲದ ತುಂಬ ರಂಗೋಲಿ ಹಾಕಿತು. ಯಜಮಾನರು ಹುಣಸೂರಿನ ಮಿಲ್ಲಿನಿಂದ ಮರದ ಪುಡಿ ತಂದರು. ಒಳ್ಳೇ ವಾಸನೆ ಎಂದು ನಾನು ಖುಷಿಪಟ್ಟೆ, ಮೊಲಗಳು ದಿನವೆಲ್ಲ ಸೀನಿದವು. ತವರಿನಿಂದ ಅಣ್ಣ ಒಂದು ಮೂಟೆ ಭತ್ತದ ಹೊಟ್ಟು ತಂದು ಇಳಿಸಿದ. ಅದು ನೀರನ್ನೇ ಹಿಡಿಯಲಿಲ್ಲ. ಗಾಳಿಗೆ ಮನೆಯೆಲ್ಲ ಹಾರಾಡಿ, ಉಳಿದದ್ದನ್ನು ಮೊಲಗಳು ಅಗಿಯುತ್ತ ಕೂತವು.

ಈಗ ಮಾವನವರ ಬಗ್ಗೆ ಹೇಳಬೇಕು. ಅವರು ನನ್ನ ಜೊತೆ ಮಾತಾಡುತ್ತಿರಲಿಲ್ಲ. ಕೋಪವಲ್ಲ, ಆ ಮನೆಯ ಪದ್ಧತಿ ಹಾಗಿತ್ತು. ಮಾವ ಸೊಸೆಯ ಮುಖ ನೋಡಿ ಮಾತಾಡಬಾರದು. ಅವರು ಬಾಗಿಲಲ್ಲಿ ಕೆಮ್ಮುತ್ತಿದ್ದರು, ನಾನು ಒಳಗೆ ಸರಿಯುತ್ತಿದ್ದೆ. ನೀರು ಬೇಕಾದರೆ ಕಂಬಕ್ಕೆ ಹೇಳುತ್ತಿದ್ದರು, ಊಟ ಬೇಕಾದರೆ ಹಸುವಿಗೆ. ಮೊಲಗಳು ಬಂದ ಮೇಲೆ ಕಂಬಕ್ಕೂ ಹಸುವಿಗೂ ಬಿಡುವಾಯಿತು. "ಏನ್ರಪ್ಪಾ, ನಾಲೆ ಸೀಮೆ ಹೊಟ್ಟು ಬೋ ರುಚಿಯಾಗದಾ?" ಎಂದು ಮೊಲಗಳನ್ನು ಕೇಳುತ್ತಿದ್ದರು. ಬಾಗಿಲ ಹಿಂದೆ ನಿಂತು ನಾನು ನಗುತ್ತಿದ್ದೆ. ನನ್ನ ನಗು ಅವರಿಗೆ ಕೇಳಿಸುತ್ತಿತ್ತು ಎಂದು ಈಗಲೂ ನಂಬಿದ್ದೇನೆ. ನನ್ನ ಪರದಾಟ ನೋಡಿ ಅವರಿಗೆ ಏನೋ ಅನ್ನಿಸುತ್ತಿತ್ತು, ಆದರೆ ಹೇಳುವುದು ಯಾರಿಗೆ?

ಅದು ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪಿಗೆ ಕಾವು ಕೊಡುವ ಬ್ಯಾರನ್ನು ಮನೆಗಳ ಸಿಹಿ ಘಾಟು ಊರಿಗೆಲ್ಲ ಕವಿದಿತ್ತು. ಆ ಕಡೆಯ ಮನೆಗಳಲ್ಲಿ ಉದುರಿದ ಸೊಪ್ಪಿನ ಪುಡಿಯನ್ನು ಯಾರೂ ಎಸೆಯುವುದಿಲ್ಲ. ಕಾವಿಗೆ ಕೂತ ಕೋಳಿಯ ಬುಟ್ಟಿಗೆ ಹಾಸುತ್ತಾರೆ, ಹೇನು ಹತ್ತುವುದಿಲ್ಲ. ಮಂಚದ ಕೆಳಗೆ ಚೆಲ್ಲುತ್ತಾರೆ, ತಿಗಣೆ ಬರುವುದಿಲ್ಲ. ಅತ್ತೆ ಮೊಮ್ಮಗುವಿನ ನಾಮಕರಣಕ್ಕೆಂದು ಮಗಳ ಮನೆಗೆ ಕೋಟೆಗೆ ಹೋಗಿದ್ದರು. ಬರುವಷ್ಟರಲ್ಲಿ ವಾಸನೆ ಹೋಗಿರಬೇಕು ಎಂದು ಬೇರೆ ಹೇಳಿ ಹೋಗಿದ್ದರು. ನಾನು ಬಟ್ಟೆ ಒಗೆಯಲು ಕೆರೆಗೆ ಹೋಗಿ ಬಂದೆ. ಬಾಂಡ್ಲಿಯಲ್ಲಿ ಹೊಂಬಣ್ಣದ ಪುಡಿ, ಅಂಗೈಯಲ್ಲಿ ತಟ್ಟಿ ಮಟ್ಟ ಮಾಡಿದ್ದು. ಪಕ್ಕದಲ್ಲಿ ಅದನ್ನು ಕೇರಿದ ಮೊರ. ಬಿಳಿ ಮೊಲ ಜೊಲ್ಲು ಸುರಿಸುತ್ತ ಮಗ್ಗುಲಾಗಿ ಬಿದ್ದು ನಡುಗುತ್ತಿತ್ತು. ಬೂದು ಮೊಲ ಮೂಲೆಯಲ್ಲಿ ಮುದುಡಿತ್ತು.

ನಾನು ಕೂಗಿಕೊಂಡೆನಂತೆ, ನನಗೆ ನೆನಪಿಲ್ಲ. ನೆನಪಿರುವುದು ಮಾವನವರು ಕೆಮ್ಮದೆ ಒಳಗೆ ಬಂದದ್ದು. ಮೊಲ ನೋಡಿದರು, ಬಾಂಡ್ಲಿ ನೋಡಿದರು. ಅಂಗಳಕ್ಕೆ ಹೋಗಿ ಟಿವಿಎಸ್ ಶುರು ಮಾಡಿದರು. ಬುಟ್ಟಿ ಹಿಡಿದು ನಾನು ಅಲ್ಲೇ ನಿಂತಿದ್ದೆ. ಮಾವನ ಹಿಂದೆ ಗಾಡಿಯಲ್ಲಿ ಕೂರುವ ಸೊಸೆ ಆ ಊರಲ್ಲಿ ಇರಲಿಲ್ಲ. ಅವರು ತಿರುಗಿ ನನ್ನ ಮುಖ ನೋಡಿದರು.

"ಕೂತ್ಕ ಮಗ. ಗಟ್ಟಿಯಾಗಿ ಇಡ್ಕ."

ಅದು ಅವರು ನನಗೆ ಆಡಿದ ಮೊದಲ ಮಾತು. ಅರಳಿಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತು ನೋಡಿದರು.

ಪಿರಿಯಾಪಟ್ಟಣದ ದನದ ಡಾಕ್ಟರು ಮೊಲದ ಬಾಯಿ ತೊಳೆಯುತ್ತ, ಕಾಲಡಿಗೆ ಏನು ಹಾಕಿದ್ದಿರಿ ಎಂದು ಕೇಳಿದರು. ಪರರ ಎದುರು ಮಾವನ ಹೆಸರು ಹೇಗೆ ಎತ್ತಲಿ? ಮಾವನವರೇ ಮುಂದೆ ಬಂದರು. ಹೊಗೆಸೊಪ್ಪು ಸಾಮಿ ಎಂದರು, ಹಾಕಿದವನು ನಾನು, ಹುಡುಗಿಯದು ಏನೂ ತಪ್ಪಿಲ್ಲ ಎಂದರು. ಮೊಲ ಕಾಲು ನೆಕ್ಕಿಕೊಳ್ಳುತ್ತದೆ, ಕೂತಲ್ಲೇ ಕಾಲಡಿಯದನ್ನು ತಿನ್ನುತ್ತದೆ, ಹೊಗೆಸೊಪ್ಪು ಅದಕ್ಕೆ ವಿಷ ಎಂದು ಡಾಕ್ಟರು ಹೇಳುತ್ತಿರುವಾಗಲೇ ಬಿಳಿಯದು ಅವರ ಕೈಯಲ್ಲೇ ಹೋಯಿತು. ಬೂದು ಮೊಲ ಉಳಿಯಿತು.

ವಾಪಸು ಬರುವಾಗ ಕೆರೆ ಏರಿಯ ಮೇಲೆ ಮಾವನವರು ಗಾಡಿ ನಿಲ್ಲಿಸಿ ಕಲ್ಲಿನ ಮೇಲೆ ಕೂತರು.

"ಮೊಲ ಕಾಲಡೀದ್ನ ತಿಂತದೆ ಅಂತ ನಿಂಗೆ ಗೊತ್ತಿತ್ತಾ ಮಗ?"

ಗೊತ್ತಿತ್ತು. ಪೇಪರು ತಿಂದದ್ದು, ಹೊಟ್ಟು ಅಗಿದದ್ದು ನೋಡಿದ್ದೆನಲ್ಲ. ತಲೆಯಾಡಿಸಿದೆ.

"ನಿನ್ನ ಒಂದ್ ಮಾತು ಕೇಳಿದ್ರೆ ಆಗಿತ್ತು. ಕೇಳ್ನಿಲ್ಲ ನೋಡು. ಒಂದ್ ಮಾತಿಗೆ ಒಂದ್ ಜೀವ ಹೋಯ್ತು."

ಅವರ ಕಣ್ಣಲ್ಲಿ ನೀರಿತ್ತು. ನನಗೆ ಮೊಲ ಸತ್ತದ್ದಕ್ಕಿಂತ ಆ ಕಣ್ಣೀರಿಗೇ ಹೆಚ್ಚು ಸಂಕಟವಾಯಿತು. ಬಿಳಿ ಮೊಲವನ್ನು ಹಿತ್ತಲ ನುಗ್ಗೆ ಮರದ ಕೆಳಗೆ ಅವರೇ ಮಣ್ಣು ಮಾಡಿದರು. ಅತ್ತೆ ಕೋಟೆಯಿಂದ ಬಂದಾಗ ಮಾವ ಸೊಸೆ ನಡುಮನೆಯಲ್ಲಿ ಎದುರು ಬದುರು ಕೂತು ಮಾತಾಡುತ್ತಿದ್ದೆವು. ಅವರು ಬಾಗಿಲಲ್ಲೇ ನಿಂತು, ಇದೇನು ಕಾಲ ಬಂತಪ್ಪ ಎಂದವರು ಬೂದು ಮೊಲದ ವಾಸನೆಯ ವಿಷಯವನ್ನೇ ಮರೆತರು.

ಬಾಂಡ್ಲಿಗೆ ಕೊನೆಗೆ ರಾಗಿಹುಲ್ಲೇ ಖಾಯಂ ಆಯಿತು. ಅದು ಕೂಡ ಅಷ್ಟೇನೂ ಘನವಾದದ್ದಲ್ಲ, ಬೇಗ ಒದ್ದೆಯಾಗಿ ದಿನಾ ಬದಲಿಸಬೇಕು. ಬದಲಿಸುವ ಕೆಲಸ ಮಾವನವರದು. ಕುಡುಗೋಲಿನಲ್ಲಿ ಸಣ್ಣಗೆ ಕತ್ತರಿಸುವ ಮೊದಲು ಒಂದೆಳೆ ಹುಲ್ಲು ತೆಗೆದು, ಹೊಗೆಸೊಪ್ಪಿನ ಘಾಟೇನಾದರೂ ತಗುಲಿದೆಯೇ ಎಂದು ತಾವೇ ಅಗಿದು ನೋಡುತ್ತಿದ್ದರು. ಎಲೆಯಡಿಕೆ, ಹೊಗೆಸೊಪ್ಪು ಅವರ ಬಾಯಲ್ಲಿ ಸದಾ ಇರುತ್ತಿತ್ತು. ಅದನ್ನೆಲ್ಲ ಉಗಿದು, ಬಾಯಿ ಮುಕ್ಕಳಿಸಿ, ಆಮೇಲೆ ಹುಲ್ಲು. ಮೊಲಕ್ಕಾಗಿ ಹೊಗೆಸೊಪ್ಪು ಬಿಟ್ಟರು ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಬಿಡಲಿಲ್ಲ. ಹುಲ್ಲು ಹಾಸಿ ಮುಗಿದ ಕೂಡಲೇ ಸಂಚಿ ಬಿಚ್ಚುತ್ತಿದ್ದರು. ಬೂದು ಮೊಲ ಮುದಿಯಾಗಿ ಹೋಗುವವರೆಗೂ ಇದು ನಡೆಯಿತು.

ಈಗ ಮಾವನವರಿಲ್ಲ. ಹೊಲ ಮೈದುನನ ಕೈಯಲ್ಲಿದೆ. ಪೆಲೆಟ್ಟು ಬರದ ಸಂಗತಿ ತಿಳಿಸಿದ್ದಕ್ಕೆ ಅವನು ಊರಿನ ಬಸ್ಸಿಗೆ ಒಂದು ಹೊರೆ ರಾಗಿಹುಲ್ಲು ಹಾಕಿ ಕಳಿಸಿದ. ಯಜಮಾನರು ಸ್ಟ್ಯಾಂಡಿನಿಂದ ಆಟೋದಲ್ಲಿ ತಂದು ಇಳಿಸಿ, ತಮ್ಮ ಪೇಪರು ಟ್ರೇಗೆ ಹೋಗದೆ ಉಳಿಯಿತೆಂಬ ಸಮಾಧಾನದಲ್ಲಿ ಓದುತ್ತ ಕೂತರು. ನಾನು ಟ್ರೇ ಮುಂದಿಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತೆ. ಕಾಫಿ ಕುಡಿದ ಬಾಯಿ ಎಂದು ನೆನಪಾಗಿ ಎದ್ದುಹೋಗಿ ಮುಕ್ಕಳಿಸಿ ಬಂದೆ. ಒಂದೆಳೆ ತೆಗೆದು ಬಾಯಿಗಿಟ್ಟೆ.

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಹುಲ್ಲು ತಿನ್ನುವುದನ್ನು ನೋಡಿದ ಹುಡುಗಿಯ ಮುಖ ಹೇಗಿರಬಹುದು, ನೀವೇ ಊಹಿಸಿ. ಅಭ್ಯಾಸಬಲ, ಅವಳು ಮೊಲದ ಕಡೆ ತಿರುಗಿದಳು. "ಕುಕೀ, ಅಜ್ಜಿ ಏನ್ ಮಾಡ್ತಿದಾರೆ ಕೇಳು."

ನಾನೂ ಕುಕೀಗೆ ಉತ್ತರ ಹೇಳುವುದರಲ್ಲಿದ್ದೆ. ಬಾಯಲ್ಲಿ ಹುಲ್ಲಿತ್ತು, ಕಣ್ಣ ಮುಂದೆ ಕೆರೆ ಏರಿ ಇತ್ತು. ಮೊಲವನ್ನು ಬಿಟ್ಟು ಅವಳ ಮುಖ ನೋಡಿದೆ.

"ನನ್ನನ್ನೇ ಕೇಳು ಮಗ" ಅಂದೆ.

ಅವಳು ಬಂದು ನನ್ನ ಎದುರಿಗೆ ನೆಲದ ಮೇಲೆ ಕೂತಳು. ಹೊರೆಯಿಂದ ಒಂದೆಳೆ ಎಳೆದು, ಸ್ವಲ್ಪ ಅನುಮಾನಿಸಿ, ಬಾಯಿಗಿಟ್ಟು ಅಗಿದಳು.

"ಯಾವ ರುಚಿ ಇರ್ಬೇಕು ಅತ್ತೆ?"